ಕಡಿಮೆ ಖರ್ಚಿನ ಗೇಮಿಂಗ್ ಕಂಪ್ಯೂಟರಿಗೆ ಮದರ್‌ಬೋರ್ಡ್ ಆರಿಸುವುದು ಹೇಗೆ?

ಯಾವ ಮದರ್‌ಬೋರ್ಡ್ ಕೊಳ್ಳಬೇಕು ಎಂದು ಕೇಳುವವರಿಗೆ ಬೇಕಾಗಿರುವುದು ಸಾಮಾನ್ಯವಾಗಿ ಒಂದು ಮಾಡೆಲ್ ಹೆಸರು. ಹೆಸರು ಹೇಳುವುದು ಕಷ್ಟವಲ್ಲ. ಆದರೆ ಈಗ ನಿಮ್ಮ ಬಳಿ ಇರುವ ಪ್ರೊಸೆಸರ್ ಯಾವುದು, ರ‍್ಯಾಮ್ ಯಾವ ಪೀಳಿಗೆಯದು, ಕ್ಯಾಬಿನೆಟ್ ಎಷ್ಟು ದೊಡ್ಡದು ಎಂದು ತಿಳಿಯದೆ ಹೇಳಿದ ಹೆಸರಿನಿಂದ ಪ್ರಯೋಜನವಿಲ್ಲ. ಆದ್ದರಿಂದ ಇಲ್ಲಿ ಯಾವುದೋ ಒಂದು ಬೋರ್ಡನ್ನು ಶಿಫಾರಸು ಮಾಡುತ್ತಿಲ್ಲ. ಕಣ್ಣ ಮುಂದಿರುವ ಬೋರ್ಡ್ ನಿಮಗೆ ಸಾಕೇ, ಅತಿಯೇ, ಕಡಿಮೆಯೇ ಎಂದು ನೀವೇ ತೀರ್ಮಾನಿಸುವ ಕ್ರಮವನ್ನು ಹೇಳುತ್ತಿದ್ದೇನೆ.

ಮದರ್‌ಬೋರ್ಡ್ ಬದಲಿಸಿದ ಮಾತ್ರಕ್ಕೆ ಆಟದ ವೇಗ ಹೆಚ್ಚುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಿ. ಪರದೆಯ ಮೇಲೆ ಸೆಕೆಂಡಿಗೆ ಎಷ್ಟು ಚಿತ್ರಗಳು ಮೂಡುತ್ತವೆ, ಅಂದರೆ ಫ್ರೇಮ್ ದರ ಎಷ್ಟು ಎಂಬುದನ್ನು ನಿರ್ಧರಿಸುವವು ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್. ಒಂದೇ ಪ್ರೊಸೆಸರನ್ನು ಸಾಧಾರಣ ಬೋರ್ಡಿನಲ್ಲಿಯೂ ದುಬಾರಿ ಬೋರ್ಡಿನಲ್ಲಿಯೂ ಹಾಕಿದರೆ ಆಟದಲ್ಲಿ ಕಾಣುವ ವ್ಯತ್ಯಾಸ ನಗಣ್ಯ. ತೀರಾ ಕಳಪೆ ಬೋರ್ಡ್ ಮಾತ್ರ ಪ್ರೊಸೆಸರಿನ ಕೈಕಾಲು ಕಟ್ಟಿಹಾಕಬಲ್ಲದು. ಉಳಿದ ಭಾಗಗಳಿಗೆ ಅಡ್ಡಿಯಾಗದ ಬೋರ್ಡುಗಳಲ್ಲಿ ಅಗ್ಗವಾದದ್ದು ಯಾವುದು ಎಂದು ಹುಡುಕಿ. ಉಳಿದ ಹಣ ಗ್ರಾಫಿಕ್ಸ್ ಕಾರ್ಡಿಗೆ ಹೋಗಲಿ.

ಶುರು ಮಾಡುವ ಮುನ್ನ ಒಂದು ಹಾಳೆಯಲ್ಲಿ ಇಷ್ಟನ್ನು ಬರೆದುಕೊಳ್ಳಿ: ಈಗಿರುವ ಬೋರ್ಡಿನ ಪೂರ್ತಿ ಹೆಸರು, ಪ್ರೊಸೆಸರ್, ರ‍್ಯಾಮಿನ ಪೀಳಿಗೆ ಮತ್ತು ಎಷ್ಟು ಪಟ್ಟಿಗಳಿವೆ ಎಂಬ ಲೆಕ್ಕ, ಗ್ರಾಫಿಕ್ಸ್ ಕಾರ್ಡ್, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ನ ವ್ಯಾಟ್, ಕ್ಯಾಬಿನೆಟ್‌ನ ಮಾಡೆಲ್. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಇವುಗಳಲ್ಲಿ ಹೆಚ್ಚಿನವನ್ನು ತೋರಿಸುತ್ತದೆ. ಎಸ್‌ಎಂಪಿಎಸ್ ವಿವರಕ್ಕೆ ಮಾತ್ರ ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆಯಲೇಬೇಕು.

1. ಹೊಸ ಬೋರ್ಡ್ ಬೇಕೇ ಎಂದು ಮೊದಲು ಕೇಳಿಕೊಳ್ಳಿ

ಅನೇಕರು ಈ ಹಂತವನ್ನು ಹಾರಿಬಿಡುತ್ತಾರೆ. ಹಾರದೆ ಇದ್ದರೆ ಒಮ್ಮೊಮ್ಮೆ ಇಡೀ ಖರೀದಿಯೇ ಉಳಿಯುತ್ತದೆ.

ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ ಚೌಕಾಕಾರದ ಜಾಗಕ್ಕೆ ಸಾಕೆಟ್ ಎಂದು ಹೆಸರು. ಎಎಂಡಿ ಕಂಪನಿಯ ಎಎಂ4 ಸಾಕೆಟ್‌ನಲ್ಲಿ 2017ರ ಮೊದಲ ರೈಜನ್‌ನಿಂದ ರೈಜನ್ 5000 ಸರಣಿಯವರೆಗೂ ಪ್ರೊಸೆಸರುಗಳು ಬಂದಿವೆ. ನಿಮ್ಮಲ್ಲಿ ರೈಜನ್ 5 1600 ಅಥವಾ 2600 ಇದ್ದು, ಬೋರ್ಡ್ ಬಿ450 ಮಾದರಿಯದಾಗಿದ್ದರೆ, ಬಯಾಸ್ ನವೀಕರಿಸಿ ಅದರಲ್ಲಿಯೇ ರೈಜನ್ 5 5600 ಕೂರಿಸಬಹುದು. ಬೋರ್ಡನ್ನು ಎಬ್ಬಿಸುವ ಮೂಲ ತಂತ್ರಾಂಶವೇ ಬಯಾಸ್. ಅದರ ವಿಚಾರ ಮುಂದೆ ಬರುತ್ತದೆ. ಎ320, ಬಿ350ರಂಥ ಇನ್ನೂ ಹಳೆಯ ಬೋರ್ಡುಗಳಲ್ಲಿ ಹಲವಕ್ಕೂ 2022ರಿಂದೀಚೆಗೆ ಈ ಸೌಲಭ್ಯ ಸಿಕ್ಕಿತು. ಆಟಕ್ಕಾಗಿಯೇ ಹೆಚ್ಚು ಕ್ಯಾಶ್ ಸ್ಮೃತಿ ಕೊಟ್ಟು ತಯಾರಿಸಿದ 5700ಎಕ್ಸ್3ಡಿ, 5800ಎಕ್ಸ್3ಡಿ ಪ್ರೊಸೆಸರುಗಳೂ ಇದೇ ಸಾಕೆಟ್‌ನವು. ಹಾಗಿರುವಾಗ ಬೋರ್ಡ್ ಕಿತ್ತು ಹಾಕುವ ಮೊದಲು ಅದರ ತಯಾರಕರ ಜಾಲತಾಣದಲ್ಲಿ ಪ್ರೊಸೆಸರ್ ಬೆಂಬಲದ ಪಟ್ಟಿಯನ್ನು ತೆಗೆದು ನೋಡಿ.

ಇಂಟೆಲ್ ಪಾಳಯದಲ್ಲಿ ಇಷ್ಟು ಉದಾರತೆ ಇಲ್ಲ. ಎಲ್‌ಜಿಎ 1200 ಸಾಕೆಟ್ 10 ಮತ್ತು 11ನೇ ಪೀಳಿಗೆಗೆ ಮುಗಿಯಿತು. ಎಲ್‌ಜಿಎ 1700 ಮಾತ್ರ 12, 13, 14 ಹೀಗೆ ಮೂರು ಪೀಳಿಗೆ ಬಾಳಿತು. 12ನೇ ಪೀಳಿಗೆಯ ಐ3 ಇಟ್ಟುಕೊಂಡಿರುವವರು ಬೋರ್ಡ್ ಮುಟ್ಟದೆ ಐ5ಗೆ ಏರಬಹುದು. ಇಲ್ಲೊಂದು ಹಳೆಯ ಬಲೆಯೂ ಇದೆ: 6ನೇ ಪೀಳಿಗೆಯಿಂದ 9ರವರೆಗೆ ಸಾಕೆಟ್‌ನ ಹೆಸರು ಎಲ್‌ಜಿಎ 1151 ಒಂದೇ. ಆದರೂ 6, 7ನೇ ಪೀಳಿಗೆಯ ಬೋರ್ಡಿನಲ್ಲಿ 8, 9ನೇ ಪೀಳಿಗೆಯ ಪ್ರೊಸೆಸರ್ ಕೆಲಸ ಮಾಡುವುದಿಲ್ಲ. ಹೆಸರು ಹೊಂದಿತೆಂದು ಕೊಂಡವರು ತಲೆಯ ಮೇಲೆ ಕೈ ಹೊತ್ತು ಕೂತದ್ದೇ ಹೆಚ್ಚು.

ಇನ್ನೊಂದು ಪರೀಕ್ಷೆ ಮಾಡಿ. ಆಟ ಆಡುವಾಗ ಗ್ರಾಫಿಕ್ಸ್ ಕಾರ್ಡಿನ ಬಳಕೆ ಶೇಕಡಾ 95ರ ಮೇಲೆಯೇ ನಿಂತಿದ್ದರೆ, ಎಳೆಯಲಾರದೆ ಸೋಲುತ್ತಿರುವುದು ಕಾರ್ಡ್. ಬೋರ್ಡನ್ನೂ ಪ್ರೊಸೆಸರನ್ನೂ ಬದಲಿಸಿ ಅಲ್ಲಿ ಹೆಚ್ಚೇನೂ ಗಳಿಸುವುದಿಲ್ಲ.

2. ಪ್ರೊಸೆಸರ್ ಮೊದಲು, ಬೋರ್ಡ್ ಆಮೇಲೆ

ಬೋರ್ಡನ್ನು ಮೊದಲು ಕೊಂಡು ಆಮೇಲೆ ಪ್ರೊಸೆಸರ್ ಹುಡುಕುವುದು ತಲೆಕೆಳಗಾದ ಕ್ರಮ. ಪ್ರೊಸೆಸರ್ ಗೊತ್ತಾದರೆ ಸಾಕೆಟ್ ಗೊತ್ತಾಗುತ್ತದೆ. ಸಾಕೆಟ್ ಗೊತ್ತಾದರೆ ಬಹುತೇಕ ರ‍್ಯಾಮ್ ಕೂಡ ಗೊತ್ತಾದಂತೆ. ಕಡಿಮೆ ಬಜೆಟ್ಟಿನವರ ಮುಂದೆ ಇಂದು ಇರುವ ದಾರಿಗಳು ಇವು.

ಎಎಂ4: ಡಿಡಿಆರ್4 ಪೀಳಿಗೆಯ ರ‍್ಯಾಮ್ ಮಾತ್ರ. ಮುಂದೆ ಏರುವುದಕ್ಕೆ ಜಾಗ ಹೆಚ್ಚಿಲ್ಲ, ನಿಜ. ಆದರೆ ನಿಮ್ಮಲ್ಲಿ ಈಗಾಗಲೇ ಒಳ್ಳೆಯ ಡಿಡಿಆರ್4 ಪಟ್ಟಿಗಳಿದ್ದರೆ, ಅತಿ ಕಡಿಮೆ ಖರ್ಚಿನಲ್ಲಿ ಚೆನ್ನಾಗಿ ಆಡಿಸುವ ದಾರಿ ಇದು. ಮುಗಿದುಹೋದ ಸಾಕೆಟ್ ಎಂದು ಮೂಗು ಮುರಿಯುವವರ ಮಾತಿಗೆ ನಾನಂತೂ ಹೆಚ್ಚು ಬೆಲೆ ಕೊಡುವುದಿಲ್ಲ. ಐದು ವರ್ಷ ಬೋರ್ಡ್ ಬದಲಿಸದೆ ಇರುವವರಿಗೆ ಸಾಕೆಟ್‌ನ ಭವಿಷ್ಯದಿಂದ ಆಗಬೇಕಾದದ್ದೇನು?

ಎಲ್‌ಜಿಎ 1700: ಇದರ ವಿಶೇಷವೆಂದರೆ ಡಿಡಿಆರ್4 ಬೋರ್ಡುಗಳೂ ಇವೆ, ಡಿಡಿಆರ್5 ಬೋರ್ಡುಗಳೂ ಇವೆ. ಸಾಮಾನ್ಯ ಬೋರ್ಡುಗಳಲ್ಲಿ ಒಂದರ ಪಟ್ಟಿ ಇನ್ನೊಂದರಲ್ಲಿ ಕೂರುವುದೇ ಇಲ್ಲ; ಕಚ್ಚಿನ ಜಾಗವೇ ಬೇರೆ. ಮಾಡೆಲ್ ಹೆಸರಿನ ಕೊನೆಗೆ ಡಿ4 ಅಥವಾ ಡಿಡಿಆರ್4 ಎಂದಿದೆಯೇ ನೋಡಿ. ಹೆಸರಿನಲ್ಲಿ ಇಲ್ಲದಿದ್ದರೆ ವಿವರಪಟ್ಟಿ ಓದಿ. ಈ ಸಾಕೆಟ್‌ನಲ್ಲಿ ಅತಿ ಹೆಚ್ಚು ಆಗುವ ತಪ್ಪು ಖರೀದಿ ಇದೇ.

ಎಎಂ5: 2022ರಲ್ಲಿ ರೈಜನ್ 7000 ಜೊತೆ ಬಂತು, ಡಿಡಿಆರ್5 ಮಾತ್ರ. ಕನಿಷ್ಠ 2027ರವರೆಗೆ ಇದನ್ನು ಬೆಂಬಲಿಸುವುದಾಗಿ ಎಎಂಡಿ ಹೇಳಿದೆ. ರ‍್ಯಾಮನ್ನೂ ಹೊಸದಾಗಿ ಕೊಳ್ಳಬೇಕಾದವರು, ಎರಡು ಮೂರು ವರ್ಷಗಳಲ್ಲಿ ಪ್ರೊಸೆಸರ್ ಮಾತ್ರ ಬದಲಿಸುವ ಯೋಚನೆ ಉಳ್ಳವರು ಇಲ್ಲಿಗೆ ಬರಲಿ.

ಇಂಟೆಲ್‌ನ ಎಲ್‌ಜಿಎ 1851 ಇದೆ, 2024ರದ್ದು. ಅದಕ್ಕೂ ಡಿಡಿಆರ್5 ಬೇಕು. ಆಟಕ್ಕಾಗಿ ಕೈಬಿಗಿ ಹಿಡಿದು ಖರ್ಚು ಮಾಡುವವರು ಅದರತ್ತ ಹೋಗಲು ನನಗೆ ಬಲವಾದ ಕಾರಣ ಕಾಣುವುದಿಲ್ಲ.

ಪ್ರೊಸೆಸರಿನ ಹೆಸರಿನ ಕೊನೆಯ ಅಕ್ಷರವನ್ನೂ ಇಲ್ಲಿಯೇ ಗಮನಿಸಿ. ಎಫ್ ಎಂದು ಮುಗಿಯುವ ಇಂಟೆಲ್ ಪ್ರೊಸೆಸರುಗಳಲ್ಲಿ ಒಳಗ್ರಾಫಿಕ್ಸ್, ಅಂದರೆ ಬೇರೆ ಕಾರ್ಡ್ ಇಲ್ಲದೆ ಚಿತ್ರ ಮೂಡಿಸುವ ಭಾಗ, ಇರುವುದಿಲ್ಲ. ಎಎಂ4ರಲ್ಲಿ ಜಿ ಎಂಬ ಅಕ್ಷರ ಇದ್ದವಕ್ಕೆ ಮಾತ್ರ ಇರುತ್ತದೆ. ಒಳಗ್ರಾಫಿಕ್ಸ್ ಇಲ್ಲದ ಪ್ರೊಸೆಸರ್ ಹಾಕಿ, ಬೋರ್ಡಿನ ಹಿಂಬದಿಯ ಎಚ್‌ಡಿಎಂಐ ಕಿಂಡಿಗೆ ಕೇಬಲ್ ಚುಚ್ಚಿ, ಚಿತ್ರ ಬರಲಿಲ್ಲವೆಂದು ಬೋರ್ಡನ್ನು ದೂರಬೇಡಿ.

3. ಚಿಪ್‌ಸೆಟ್: ಎಲ್ಲಿಯವರೆಗೆ ಇಳಿಯಬಹುದು?

ಪ್ರೊಸೆಸರ್ ಹೊರಗಿನ ಸಾಧನಗಳೊಂದಿಗೆ ವ್ಯವಹರಿಸಲು ನೆರವಾಗುವ ಬೋರ್ಡಿನ ಮೇಲಿನ ಚಿಪ್ಪೇ ಚಿಪ್‌ಸೆಟ್. ಎಷ್ಟು ಯುಎಸ್‌ಬಿ, ಎಷ್ಟು ಡ್ರೈವ್, ಗಡಿಯಾರದ ವೇಗ ಏರಿಸುವ ಓವರ್‌ಕ್ಲಾಕಿಂಗ್‌ಗೆ ಅನುಮತಿ ಇದೆಯೇ ಇಲ್ಲವೇ, ಇವೆಲ್ಲ ಅದರ ಮೇಲೆ ನಿಂತಿವೆ. ಬೋರ್ಡಿನ ಹೆಸರಿನಲ್ಲಿ ಕಾಣುವ ಅಕ್ಷರ ಮತ್ತು ಮೂರು ಅಂಕಿಗಳು, ಅಂದರೆ ಬಿ550, ಎಚ್610 ಮುಂತಾದವು, ಚಿಪ್‌ಸೆಟ್‌ನ ಗುರುತು. ಎಎಂಡಿಯಲ್ಲಿ ಎ ಕೆಳಸ್ತರ, ಬಿ ನಡುವಿನದು, ಎಕ್ಸ್ ಮೇಲಿನದು. ಇಂಟೆಲ್‌ನಲ್ಲಿ ಬಜೆಟ್ ಎಚ್ (ಎಚ್610ರಂಥವು), ಬಿ, ಝಡ್ ಎಂಬ ಕ್ರಮ.

ಬಜೆಟ್ ಕಂಪ್ಯೂಟರಿಗೆ ಎಕ್ಸ್ ಅಥವಾ ಝಡ್ ಬೇಡವೇ ಬೇಡ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಓವರ್‌ಕ್ಲಾಕಿಂಗ್‌ನ ಗುರುತಾದ ಕೆ ಇಲ್ಲದ ಪ್ರೊಸೆಸರನ್ನು ಝಡ್ ಬೋರ್ಡಿನಲ್ಲಿ ಹಾಕುವುದೆಂದರೆ ಮೂಗಿಗಿಂತ ಮೂಗುತಿ ಭಾರವಾದಂತೆ.

ಕೆಳಸ್ತರದ್ದನ್ನು ಒಪ್ಪಬಹುದೇ? ಒಪ್ಪಬಹುದು, ಏನು ಬಿಟ್ಟುಕೊಡುತ್ತೀರಿ ಎಂದು ತಿಳಿದಿದ್ದರೆ. ಎಚ್610ರಲ್ಲಿ ರ‍್ಯಾಮಿನ ವೇಗ ಇಂಟೆಲ್ ಹಾಕಿದ ಮಿತಿಯಲ್ಲಿ ನಿಲ್ಲುತ್ತದೆ. ಡಿಡಿಆರ್4 ಆದರೆ ಆ ಮಿತಿ 3200 (ಸೆಕೆಂಡಿಗೆ ಇಷ್ಟು ದಶಲಕ್ಷ ಮಾಹಿತಿ ವರ್ಗಾವಣೆ ಎಂದರ್ಥ), ಆದ್ದರಿಂದ ಹೆಚ್ಚಿನವರಿಗೆ ನಷ್ಟವೇನೂ ಇಲ್ಲ. ಡಿಡಿಆರ್5 ಆದರೆ ವೇಗದ ಪಟ್ಟಿಗೆ ಕೊಟ್ಟ ಹಣ ವ್ಯರ್ಥವಾಗುತ್ತದೆ. ಜೊತೆಗೆ ಎರಡೇ ರ‍್ಯಾಮ್ ಸ್ಲಾಟ್, ಚಿಕ್ಕ ಎಸ್‌ಎಸ್‌ಡಿ ಡ್ರೈವ್ ಕೂರುವ ಎಂ.2 ಜಾಗ ಸಾಮಾನ್ಯವಾಗಿ ಒಂದೇ. ಐ5-12400ಎಫ್‌ನಂಥ ಪ್ರೊಸೆಸರಿಗೆ ಡಿಡಿಆರ್4 ಎಚ್610 ಸಾಕು ಎಂದೇ ನನ್ನ ಅಭಿಪ್ರಾಯ. ಅದರಾಚೆಗೆ ಬಿ660 ಅಥವಾ ಬಿ760 ನೋಡಿ. ಇನ್ನೂ ಹಿಂದಿನ ಬಿ460ರಲ್ಲಿ ಮಾತ್ರ ಎಚ್ಚರ ಬೇಕು. ಐ5 ಹಾಕಿದರೆ ರ‍್ಯಾಮ್ 2666ಕ್ಕೆ ನಿಂತುಬಿಡುತ್ತದೆ. ಆ ಬೀಗವನ್ನು ಇಂಟೆಲ್ ತೆಗೆದದ್ದು ಬಿ560ರಿಂದ.

ಎಎಂಡಿಯ ಎ520 ರ‍್ಯಾಮಿನ ವೇಗಕ್ಕೆ ಅಡ್ಡಿ ಮಾಡುವುದಿಲ್ಲ. ಅದು ತಡೆಯುವುದು ಪ್ರೊಸೆಸರ್ ಓವರ್‌ಕ್ಲಾಕಿಂಗನ್ನು ಮತ್ತು ಪಿಸಿಐಇ 4.0 ಅನ್ನು. ಗ್ರಾಫಿಕ್ಸ್ ಕಾರ್ಡ್ ಮತ್ತು ವೇಗದ ಡ್ರೈವ್‌ಗಳು ಮಾಹಿತಿ ಸಾಗಿಸುವ ರಸ್ತೆಯೇ ಪಿಸಿಐಇ; ಪ್ರತಿ ಹೊಸ ಆವೃತ್ತಿಯಲ್ಲಿ ಅದರ ಸಾಮರ್ಥ್ಯ ಸರಿಸುಮಾರು ಇಮ್ಮಡಿ. ಎ520 ಮತ್ತು ಬಿ450 ಎರಡೂ 3.0ದಲ್ಲಿ ನಿಲ್ಲುತ್ತವೆ. ಬಿ550ರಲ್ಲಿ ಗ್ರಾಫಿಕ್ಸ್ ಸ್ಲಾಟ್ ಮತ್ತು ಮೊದಲ ಎಂ.2 ಜಾಗಕ್ಕೆ 4.0 ಸಿಗುತ್ತದೆ.

ಇದು ಆಟಕ್ಕೆ ಮುಖ್ಯವೇ? ಉತ್ತರ ನಿಮ್ಮ ಕಾರ್ಡಿನಲ್ಲಿದೆ. ಆ ರಸ್ತೆಯ ಪೂರ್ತಿ 16 ಪಥ (ಲೇನ್) ಬಳಸುವ ಕಾರ್ಡಿಗೆ 3.0 ಸಾಕಷ್ಟಾಯಿತು. ಆದರೆ ಅಗ್ಗದ ಕಾರ್ಡುಗಳಲ್ಲಿ ತಯಾರಕರು ಪಥಗಳನ್ನೇ ಕತ್ತರಿಸುತ್ತಾರೆ. ಆರ್‌ಎಕ್ಸ್ 6600, ಆರ್‌ಎಕ್ಸ್ 7600, ಆರ್‌ಟಿಎಕ್ಸ್ 4060 ಇವಕ್ಕೆ ಎಂಟೇ ಪಥ. ಆರ್‌ಎಕ್ಸ್ 6500 ಎಕ್ಸ್‌ಟಿಗೆ ನಾಲ್ಕೇ. ಎಂಟು ಪಥದವು ಹಳೆಯ ಬೋರ್ಡಿನಲ್ಲಿ ಸಾಮಾನ್ಯವಾಗಿ ಸ್ವಲ್ಪವಷ್ಟೇ ಕಳೆದುಕೊಳ್ಳುತ್ತವೆ; ಕಾರ್ಡಿನ ಸ್ವಂತ ಮೆಮೊರಿ ತುಂಬಿ ತುಳುಕಿದಾಗ ನಷ್ಟ ಹೆಚ್ಚು. ನಾಲ್ಕು ಪಥದ 6500 ಎಕ್ಸ್‌ಟಿ 3.0 ಬೋರ್ಡಿನಲ್ಲಿ ಕಣ್ಣಿಗೆ ಕಾಣುವಷ್ಟು ಕುಂಟುತ್ತದೆ. ಬಡ ಬೋರ್ಡಿಗೆ ಬಡ ಕಾರ್ಡು ಸಾಕೆಂದು ಜೋಡಿಸಿದವರಿಗೇ ಪೆಟ್ಟು ಬೀಳುವುದು ಇಲ್ಲಿನ ವ್ಯಂಗ್ಯ.

ಬೋರ್ಡ್ 4.0 ಆದರೂ ಪ್ರೊಸೆಸರ್ 3.0 ಆಗಿರಬಹುದು ಎಂಬುದನ್ನು ಮರೆಯಬೇಡಿ. ರೈಜನ್ 5 5500 ಮತ್ತು 5600ಜಿ ಹಾಗೆಯೇ. ಅವುಗಳೊಂದಿಗೆ ಬಿ550 ಕೊಂಡರೂ 4.0 ಬರುವುದಿಲ್ಲ.

ಇಂಟೆಲ್ ಆರ್ಕ್ ಕಾರ್ಡ್ ಹಾಕುವವರಿಗೆ ಇನ್ನೊಂದು ಷರತ್ತಿದೆ. ಪ್ರೊಸೆಸರಿಗೆ ಕಾರ್ಡಿನ ಪೂರ್ತಿ ಮೆಮೊರಿ ಒಮ್ಮೆಗೇ ಕಾಣುವಂತೆ ಮಾಡುವ ರಿಸೈಜಬಲ್ ಬಾರ್ ಸೌಲಭ್ಯ ಬೋರ್ಡಿನಲ್ಲಿ ಇರಲೇಬೇಕು, ಬಯಾಸ್‌ನಲ್ಲಿ ಆನ್ ಆಗಿರಲೂಬೇಕು. ಇಲ್ಲದಿದ್ದರೆ ಆ ಕಾರ್ಡಿನ ವೇಗ ತೀರಾ ಕುಸಿಯುತ್ತದೆ.

4. ವಿಆರ್‌ಎಂ: ಜಾಹೀರಾತಿನಲ್ಲಿ ಕಾಣದ ಭಾಗ

ಎಸ್‌ಎಂಪಿಎಸ್ ಕೊಡುವ 12 ವೋಲ್ಟನ್ನು ಪ್ರೊಸೆಸರಿಗೆ ಬೇಕಾದ ಒಂದು ವೋಲ್ಟಿನ ಆಸುಪಾಸಿಗೆ ಇಳಿಸುವ ಬಿಡಿಭಾಗಗಳ ಸಾಲಿಗೆ ವಿಆರ್‌ಎಂ ಎನ್ನುತ್ತಾರೆ. ಸಾಕೆಟ್‌ನ ಎಡಕ್ಕೂ ಮೇಲಕ್ಕೂ ಕಾಣುವ ಚಿಕ್ಕ ಚೌಕಗಳ ಸಾಲು ಅದು. ಬಜೆಟ್ ಬೋರ್ಡುಗಳಲ್ಲಿ ಒಳ್ಳೆಯದು ಕೆಟ್ಟದ್ದು ಬೇರೆಯಾಗುವುದು ಬಹುಮಟ್ಟಿಗೆ ಇಲ್ಲಿಯೇ. ಒಂದೇ ಚಿಪ್‌ಸೆಟ್‌ನ ಎರಡು ಬೋರ್ಡುಗಳಲ್ಲಿ ಒಂದು ತಣ್ಣಗೆ ಕೆಲಸ ಮಾಡಿದರೆ, ಇನ್ನೊಂದರ ವಿಆರ್‌ಎಂ ಕಾದು ಕಾದು ಕೊನೆಗೆ ಪ್ರೊಸೆಸರಿನ ವೇಗವನ್ನೇ ತಗ್ಗಿಸಬಹುದು. ಆಟ ಶುರುವಾಗಿ ಅರ್ಧ ಗಂಟೆ ಚೆನ್ನಾಗಿದ್ದು ಆಮೇಲೆ ತಡವರಿಸುವ ಕಂಪ್ಯೂಟರುಗಳಲ್ಲಿ ಇದೂ ಒಂದು ಕಾರಣವಿರುತ್ತದೆ.

ಎಷ್ಟು ಬಲವಾದ ವಿಆರ್‌ಎಂ ಬೇಕು ಎಂಬುದಕ್ಕೆ ಪ್ರೊಸೆಸರ್ ನಿಜವಾಗಿ ಎಳೆಯುವ ವಿದ್ಯುತ್ ಅಳತೆಗೋಲು. ಪೆಟ್ಟಿಗೆಯ ಮೇಲಿನ ವ್ಯಾಟ್ ನಂಬಬೇಡಿ. ಐ5-12400 ಮತ್ತು ಐ7-13700 ಎರಡರ ಮೇಲೂ 65 ವ್ಯಾಟ್ ಎಂದೇ ಬರೆದಿರುತ್ತದೆ. ಪೂರ್ಣ ವೇಗದಲ್ಲಿ ಮೊದಲನೆಯದಕ್ಕೆ ಇಂಟೆಲ್ ಹೇಳುವ ಗರಿಷ್ಠ 117 ವ್ಯಾಟ್, ಎರಡನೆಯದಕ್ಕೆ 219. ಮೊದಲನೆಯದು ಸಾಧಾರಣ ಬೋರ್ಡಿನಲ್ಲಿ ನೆಮ್ಮದಿಯಾಗಿರುತ್ತದೆ. ಎರಡನೆಯದನ್ನು ಅತಿ ಅಗ್ಗದ ಎಚ್610ರಲ್ಲಿ ಹಾಕಿದರೆ ಐ7ಗೆ ಹಣ ಕೊಟ್ಟು ಐ5ರ ಕೆಲಸ ಪಡೆದಂತಾಗುತ್ತದೆ. ರೈಜನ್ 5 5600 ಮಿತವ್ಯಯಿ, ಅದಕ್ಕೆ ಬಹುತೇಕ ಯಾವ ಬಿ450 ಆದರೂ ನಡೆದೀತು. 105 ವ್ಯಾಟ್ ಎಂದು ಬರೆದಿರುವ ರೈಜನ್ 7 5800ಎಕ್ಸ್ ನಿಜದಲ್ಲಿ 142 ವ್ಯಾಟ್‌ವರೆಗೆ ಎಳೆಯುತ್ತದೆ. ಅದಕ್ಕೆ ಬೋರ್ಡನ್ನು ಆರಿಸಿ ಹಾಕಬೇಕು.

ನೋಡುವುದು ಹೇಗೆ? ಬೋರ್ಡಿನ ಚಿತ್ರ ತೆರೆದು, ಆ ಚೌಕಗಳ ಮೇಲೆ ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಇದೆಯೇ ನೋಡಿ. ಬರಿಮೈಯಲ್ಲಿ ಇದ್ದರೆ ಆರು ಕೋರ್‌ಗಿಂತ, ಅಂದರೆ ಆರು ಲೆಕ್ಕಾಚಾರದ ಘಟಕಗಳಿಗಿಂತ, ದೊಡ್ಡ ಪ್ರೊಸೆಸರ್ ಹಾಕುವ ಆಸೆ ಬಿಡಿ. ಹೀಟ್‌ಸಿಂಕ್ ಇದ್ದರೂ ಅದು ಸ್ಕ್ರೂ ಹಾಕಿ ಬಿಗಿದ ಲೋಹವೋ, ಮೇಲೆ ಹೊದಿಸಿದ ಪ್ಲಾಸ್ಟಿಕ್ ಅಲಂಕಾರವೋ ಎಂದು ಪರೀಕ್ಷಿಸಿ. ಫೇಸ್‌ಗಳ ಸಂಖ್ಯೆಯನ್ನು, ಅಂದರೆ ವಿದ್ಯುತ್ ಹಂಚಿಕೆಯ ಕವಲುಗಳ ಲೆಕ್ಕವನ್ನು, ಜಾಹೀರಾತಿನಲ್ಲಿ ದೊಡ್ಡದಾಗಿ ಕೂಗುತ್ತಾರೆ. ಆ ಲೆಕ್ಕ ಒಂದೊಂದು ಕಂಪನಿಯದು ಒಂದೊಂದು ಬಗೆ, ಬಿಡಿಭಾಗದ ಗುಣಮಟ್ಟವನ್ನಂತೂ ಅದು ಹೇಳುವುದೇ ಇಲ್ಲ. ಥರ್ಮಲ್ ಕ್ಯಾಮೆರಾ ಹಿಡಿದು ವಿಆರ್‌ಎಂ ತಾಪ ಅಳೆದ ವಿಮರ್ಶೆ ಒಂದಾದರೂ ಸಿಕ್ಕರೆ, ಅದು ಎಲ್ಲ ಜಾಹೀರಾತಿಗಿಂತ ಮೇಲು.

5. ಸ್ಲಾಟುಗಳ ಲೆಕ್ಕ

ರ‍್ಯಾಮ್: ನಾಲ್ಕು ಸ್ಲಾಟ್ ಇದ್ದರೆ ಒಳ್ಳೆಯದು, ಎರಡಿದ್ದರೆ ಮುಳುಗಿಹೋಗುವುದಿಲ್ಲ. ಆದರೆ ಎರಡು ಪಟ್ಟಿ ಹಾಕುವುದು ಕಡ್ಡಾಯ ಎಂದೇ ತಿಳಿಯಿರಿ. 16 ಜಿಬಿಯ ಒಂದೇ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳು ಆಟದಲ್ಲಿ ವೇಗ ಕೊಡುತ್ತವೆ, ಏಕೆಂದರೆ ಮಾಹಿತಿ ಎರಡು ದಾರಿಗಳಲ್ಲಿ ಹರಿಯುತ್ತದೆ. ಇದಕ್ಕೆ ಡ್ಯುಯಲ್ ಚಾನೆಲ್ ಎಂದು ಹೆಸರು. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಪ್ರೊಸೆಸರಿನಿಂದ ಎಣಿಸಿದಾಗ ಸಾಮಾನ್ಯವಾಗಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಪಟ್ಟಿ ಹಾಕಬೇಕು. ಅಕ್ಕಪಕ್ಕ ಹಾಕಿದರೆ ಕಂಪ್ಯೂಟರ್ ಆನ್ ಆಗುತ್ತದೆ, ವೇಗ ಮಾತ್ರ ಬರುವುದಿಲ್ಲ.

ಡಿಡಿಆರ್5ರಲ್ಲಿ ನಾಲ್ಕೂ ಸ್ಲಾಟ್ ತುಂಬಿಸುವ ಯೋಚನೆ ಬೇಡ. ಎರಡು ಪಟ್ಟಿಗೆ 5200 ಎಂದು ಎಎಂಡಿ ಹೇಳುವ ರೈಜನ್ 7000 ಸರಣಿಗೆ ನಾಲ್ಕು ಪಟ್ಟಿ ಹಾಕಿದರೆ ಅಧಿಕೃತ ವೇಗ 3600ಕ್ಕೆ ಇಳಿಯುತ್ತದೆ. ಈಗ ಎರಡು, ಮುಂದೆ ಇನ್ನೆರಡು ಎಂಬ ಹಳೆಯ ಲೆಕ್ಕಾಚಾರ ಇಲ್ಲಿ ಕೈಕೊಡುತ್ತದೆ.

ಎಂ.2: ಚೂಯಿಂಗ್ ಗಮ್ ಪಟ್ಟಿಯಷ್ಟು ಚಿಕ್ಕದಾದ ಎಸ್‌ಎಸ್‌ಡಿ ಕೂರುವ ಜಾಗ. ಅದು ವೇಗದ ಎನ್‌ವಿಎಂಇ ಡ್ರೈವಿಗೋ, ಹಳೆಯ ಸಾಟಾ ಬಗೆಯ ಡ್ರೈವಿಗೋ, ಎರಡಕ್ಕೂ ಒಗ್ಗುತ್ತದೋ ಎಂದು ವಿವರಪಟ್ಟಿಯಲ್ಲಿ ಓದಿ. ಕೆಲವು ಬೋರ್ಡುಗಳಲ್ಲಿ ಎರಡನೆಯ ಎಂ.2 ತುಂಬಿದ ಕೂಡಲೇ ಒಂದೆರಡು ಸಾಟಾ ಕಿಂಡಿಗಳು ಸತ್ತುಹೋಗುತ್ತವೆ. ಹಳೆಯ ಹಾರ್ಡ್ ಡಿಸ್ಕ್ ಕಾಣದೆ ಗಾಬರಿಯಾಗುವವರು ಮೊದಲು ನೋಡಬೇಕಾದದ್ದು ಕೈಪಿಡಿಯ ಈ ಸಾಲನ್ನು.

ಹಿಂಬದಿಯ ಯುಎಸ್‌ಬಿ ಕಿಂಡಿಗಳನ್ನು ಎಣಿಸಿ. ಕೀಲಿಮಣೆ, ಮೌಸ್, ಹೆಡ್‌ಸೆಟ್, ಕಂಟ್ರೋಲರ್, ವೈಫೈ ಡಾಂಗಲ್ ಹಾಕಿದ ಮೇಲೆ ಪೆನ್‌ಡ್ರೈವಿಗೆ ಒಂದಾದರೂ ಉಳಿಯಬೇಕು. ವೈಫೈ ಇರುವ ಮಾದರಿಗೆ ಸಾಮಾನ್ಯವಾಗಿ ಹೆಸರಿನಲ್ಲಿಯೇ ಗುರುತು ಇರುತ್ತದೆ. ಕೇಬಲ್ ಎಳೆಯಬಲ್ಲವರು ಆ ಹಣ ಉಳಿಸಲಿ, ಆನ್‌ಲೈನ್ ಆಟಕ್ಕೆ ತಂತಿಯೇ ಲೇಸು. ಬಣ್ಣದ ದೀಪಗಳ ಬಗ್ಗೆ ನನಗೆ ಹೇಳುವುದೇನೂ ಇಲ್ಲ.

6. ಅಳತೆ ಮತ್ತು ಜೋಡಣೆ

ಎಟಿಎಕ್ಸ್ ಬೋರ್ಡ್ 305 ಗುಣಿಸು 244 ಮಿಲಿಮೀಟರ್, ಮೈಕ್ರೊ ಎಟಿಎಕ್ಸ್ ಹೆಚ್ಚೆಂದರೆ 244 ಗುಣಿಸು 244, ಮಿನಿ ಐಟಿಎಕ್ಸ್ 170 ಗುಣಿಸು 170. ಚಿಪ್‌ಸೆಟ್ ಸಂಖ್ಯೆಯ ಹಿಂದೆ ಎಂ ಅಕ್ಷರ ಅಂಟಿದ್ದರೆ, ಉದಾಹರಣೆಗೆ ಬಿ550ಎಂ, ಅದು ಮೈಕ್ರೊ. ಬಜೆಟ್ಟಿಗೆ ಮೈಕ್ರೊ ಸರಿಯಾದ ಆಯ್ಕೆ: ಅಗ್ಗ, ದೊಡ್ಡ ಕ್ಯಾಬಿನೆಟ್ಟಿನಲ್ಲಿಯೂ ಕೂರುತ್ತದೆ. ಚಿಕ್ಕದಾದಷ್ಟೂ ಬೆಲೆ ಕಡಿಮೆ ಎಂದು ಮಿನಿ ಐಟಿಎಕ್ಸ್ ಹುಡುಕಬೇಡಿ, ಅಲ್ಲಿ ಬೆಲೆ ಮತ್ತೆ ಏರುತ್ತದೆ.

ದೊಡ್ಡ ಕಂಪನಿಗಳು ಕಚೇರಿಗೆಂದು ಮಾರುವ ಸಿದ್ಧ ಕಂಪ್ಯೂಟರುಗಳನ್ನು ಮೇಲ್ದರ್ಜೆಗೆ ಏರಿಸಲು ಹೊರಟವರು ಇಲ್ಲಿ ನಿಂತು ಯೋಚಿಸಬೇಕು. ಅವುಗಳಲ್ಲಿ ಹಲವಕ್ಕೆ ಬೋರ್ಡಿನ ಆಕಾರ, ಸ್ಕ್ರೂ ರಂಧ್ರಗಳ ಜಾಗ, ಎಸ್‌ಎಂಪಿಎಸ್‌ನ ಕನೆಕ್ಟರ್, ಮುಂಬದಿಯ ಪವರ್ ಬಟನ್ನಿನ ತಂತಿ ಎಲ್ಲವೂ ಸ್ವಂತದ್ದು. 24 ಪಿನ್ನಿನ ಸಾಮಾನ್ಯ ಕನೆಕ್ಟರ್ ಇಲ್ಲದಿದ್ದರೆ ಬೋರ್ಡಿನ ಜೊತೆಗೆ ಕ್ಯಾಬಿನೆಟ್, ಎಸ್‌ಎಂಪಿಎಸ್ ಎರಡೂ ಬದಲಾಗಬೇಕಾದೀತು. ಆಗ ಅದು ನವೀಕರಣವಲ್ಲ, ಹೊಸ ಕಂಪ್ಯೂಟರ್.

ಪ್ರೊಸೆಸರ್ ಕೂಲರ್ ಹೊಂದುತ್ತದೆಯೇ ಎಂಬುದೂ ಈಗಲೇ ಖಚಿತವಾಗಲಿ. ಎಲ್‌ಜಿಎ 1200ರ ಕೂಲರಿಗೆ 1700ರಲ್ಲಿ ಬೇರೆ ಹಿಡಿಕೆ ಬೇಕು, ರಂಧ್ರಗಳ ಅಂತರ 75ರಿಂದ 78 ಮಿಲಿಮೀಟರಿಗೆ ಹಿಗ್ಗಿದೆ. ಎಎಂ4ರ ಬಹುತೇಕ ಕೂಲರುಗಳು ಎಎಂ5ಗೆ ಹೊಂದುತ್ತವೆ. ಬೋರ್ಡಿನ ಹಿಂದೆ ತಮ್ಮದೇ ತಟ್ಟೆ ಹಾಕುವವು ಮಾತ್ರ ಹೊಂದುವುದಿಲ್ಲ.

7. ಬಯಾಸ್ ಎಂಬ ಹೊಸ್ತಿಲು

ತಯಾರಕರ ಬೆಂಬಲದ ಪಟ್ಟಿಯಲ್ಲಿ ನಿಮ್ಮ ಪ್ರೊಸೆಸರ್ ಇದೆ, ಸಾಕೆಟ್ ಸರಿ ಇದೆ, ಆದರೂ ಪರದೆ ಕಪ್ಪು. ಬೋರ್ಡ್ ಕಾರ್ಖಾನೆಯಿಂದ ಹೊರಟಾಗ ಆ ಪ್ರೊಸೆಸರ್ ಇನ್ನೂ ಹುಟ್ಟಿರದಿದ್ದರೆ ಹೀಗಾಗುತ್ತದೆ. ಬಿ450ರಲ್ಲಿ ರೈಜನ್ 5000, ಬಿ660ರಲ್ಲಿ 13ನೇ ಪೀಳಿಗೆ, ಬಿ650ರಲ್ಲಿ ರೈಜನ್ 9000 ಇದಕ್ಕೆ ಉದಾಹರಣೆಗಳು. ಬೆಂಬಲದ ಪಟ್ಟಿಯಲ್ಲಿ ಪ್ರೊಸೆಸರಿನ ಎದುರಿಗೆ ಯಾವ ಬಯಾಸ್ ಆವೃತ್ತಿಯಿಂದ ಎಂದು ಬರೆದಿರುತ್ತದೆ. ಮಾರುವವರನ್ನು ಕೇಳಿ: ಈ ಬೋರ್ಡಿನಲ್ಲಿ ಆ ಆವೃತ್ತಿ ಇದೆಯೇ?

ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವಿನಿಂದ ಬಯಾಸ್ ತುಂಬುವ ಬಟನ್ ಕೆಲವು ಬೋರ್ಡುಗಳಲ್ಲಿದೆ. ಆಸುಸ್‌ನಲ್ಲಿ ಬಯಾಸ್ ಫ್ಲ್ಯಾಶ್‌ಬ್ಯಾಕ್, ಎಂಎಸ್‌ಐಯಲ್ಲಿ ಫ್ಲ್ಯಾಶ್ ಬಯಾಸ್ ಬಟನ್, ಗಿಗಾಬೈಟ್‌ನಲ್ಲಿ ಕ್ಯೂ-ಫ್ಲ್ಯಾಶ್ ಪ್ಲಸ್. ಎರಡು ಬೋರ್ಡುಗಳ ನಡುವೆ ಮನಸ್ಸು ತೂಗುತ್ತಿದ್ದರೆ ಈ ಬಟನ್ ಇರುವುದನ್ನೇ ಆರಿಸಿ. ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಲಿ, ಕಡತಕ್ಕೆ ಕೈಪಿಡಿ ಹೇಳಿದ ಹೆಸರನ್ನೇ ಇಡಿ, ದೀಪ ಮಿನುಗುವುದು ನಿಲ್ಲುವವರೆಗೆ ವಿದ್ಯುತ್ ತೆಗೆಯಬೇಡಿ.

ಈಗಿನ ಬೋರ್ಡನ್ನೇ ಇಟ್ಟುಕೊಳ್ಳುವವರು ಹಳೆಯ ಪ್ರೊಸೆಸರ್ ಇರುವಾಗಲೇ ಬಯಾಸ್ ನವೀಕರಿಸಿ. ಬಿಚ್ಚಿದ ಮೇಲೆ ನೆನಪಾದರೆ ಮತ್ತೆ ಜೋಡಿಸಬೇಕು.

13, 14ನೇ ಪೀಳಿಗೆಯ ಇಂಟೆಲ್ ಪ್ರೊಸೆಸರುಗಳಿಗೆ ಇದು ಇನ್ನೂ ಅಗತ್ಯ. ಅತಿಯಾದ ವೋಲ್ಟೇಜಿನಿಂದ ಅವುಗಳಲ್ಲಿ ಹಲವು ಕಾಲಕ್ರಮೇಣ ಅಸ್ಥಿರವಾಗುತ್ತಿದ್ದವು. ಇಂಟೆಲ್ ಅದಕ್ಕೆ 2024ರಲ್ಲಿ ಬಯಾಸ್ ಮೂಲಕವೇ ತಿದ್ದುಪಡಿ ಕೊಟ್ಟಿತು. ಆ ತಿದ್ದುಪಡಿ ಇಲ್ಲದ ಬೋರ್ಡಿನಲ್ಲಿ ಹೊಸ ಪ್ರೊಸೆಸರನ್ನು ದಿನಗಟ್ಟಲೆ ಓಡಿಸಬೇಡಿ. ಆಗಲೇ ಆದ ಹಾನಿಯನ್ನು ಬಯಾಸ್ ವಾಪಸ್ ತೆಗೆಯಲಾರದು.

8. ಬಳಸಿದ ಬೋರ್ಡ್ ಕೊಳ್ಳುವುದಾದರೆ

ಬಳಸಿದ ಪ್ರೊಸೆಸರನ್ನು ಧೈರ್ಯವಾಗಿ ಕೊಳ್ಳಬಹುದು, ಬೋರ್ಡಿಗೆ ಅಷ್ಟು ಧೈರ್ಯ ಸಲ್ಲದು. ಎಲ್‌ಜಿಎ ಮತ್ತು ಎಎಂ5 ಸಾಕೆಟ್‌ಗಳಲ್ಲಿ ಪಿನ್ನುಗಳು ಇರುವುದು ಬೋರ್ಡಿನಲ್ಲಿ; ಒಂದು ಬಾಗಿದರೂ ಒಂದು ರ‍್ಯಾಮ್ ಸ್ಲಾಟ್ ಅಥವಾ ಇಡೀ ಬೋರ್ಡ್ ಕೆಲಸ ನಿಲ್ಲಿಸಬಹುದು. ಸಾಕೆಟ್‌ನ ಹತ್ತಿರದ ಸ್ಪಷ್ಟ ಚಿತ್ರ ಕೇಳಿ, ಓರೆ ಬೆಳಕಿನಲ್ಲಿ ಪಿನ್ನುಗಳ ಸಾಲು ಎಲ್ಲಿಯೂ ಮುರಿಯದೆ ಕಾಣಬೇಕು. ಉಬ್ಬಿದ ಕೆಪಾಸಿಟರ್, ಹಸಿರು ತುಕ್ಕು, ಸ್ಕ್ರೂ ರಂಧ್ರದ ಸುತ್ತ ಗೀರು ಕಂಡರೆ ಬಿಟ್ಟುಬಿಡಿ. ಎಲ್ಲ ರ‍್ಯಾಮ್ ಸ್ಲಾಟುಗಳೂ ಕೆಲಸ ಮಾಡುವುದನ್ನು ಕಣ್ಣಾರೆ ನೋಡದೆ ಹಣ ಕೊಡಬೇಡಿ. ಹಿಂಬದಿಯ ಲೋಹದ ತಗಡು ಬಿಡಿಯಾಗಿ ಬರುವ ಬೋರ್ಡಾದರೆ ಅದನ್ನೂ ಕೇಳಿ ಪಡೆಯಿರಿ. ಒಂದೇ ಹೆಸರಿನ ಬೋರ್ಡಿಗೆ ಹಲವು ಪರಿಷ್ಕರಣೆಗಳಿರುತ್ತವೆ, ಒಳಗಿನ ಭಾಗಗಳೂ ಬದಲಾಗಿರುತ್ತವೆ, ಬಯಾಸ್ ಕಡತವೂ ಬೇರೆ ಇರಬಹುದು. ಪರಿಷ್ಕರಣೆಯ ಸಂಖ್ಯೆಯನ್ನು ಹಲವು ತಯಾರಕರು ಬೋರ್ಡಿನ ಅಂಚಿನಲ್ಲಿಯೇ ಮುದ್ರಿಸಿರುತ್ತಾರೆ.

9. ಬಿಚ್ಚುವ ಮುನ್ನ, ಜೋಡಿಸಿದ ಮೇಲೆ

ಹಳೆಯ ಕಂಪ್ಯೂಟರ್ ಓಡುತ್ತಿರುವಾಗಲೇ ಎರಡು ಕೆಲಸ ಮುಗಿಸಿ. ವಿಂಡೋಸ್‌ನಲ್ಲಿ ಡ್ರೈವಿಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಆನ್ ಆಗಿದೆಯೇ ನೋಡಿ. ಆಗಿದ್ದರೆ ಅದರ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಇಲ್ಲವೇ ಎನ್‌ಕ್ರಿಪ್ಶನ್ ತೆಗೆದುಬಿಡಿ. ಬೀಗದ ಕೈ ಹಳೆಯ ಬೋರ್ಡಿನ ಅಥವಾ ಪ್ರೊಸೆಸರಿನ ಟಿಪಿಎಂ ಎಂಬ ಭದ್ರತಾ ಭಾಗದಲ್ಲಿ ಇರುತ್ತದೆ. ಬೋರ್ಡ್ ಬದಲಾದ ಕೂಡಲೇ ಡ್ರೈವ್ ಆ ರಿಕವರಿ ಕೀಯ 48 ಅಂಕಿಗಳನ್ನು ಕೇಳುತ್ತದೆ, ಕೊಡದಿದ್ದರೆ ಒಳಗೆ ಬಿಡುವುದಿಲ್ಲ. ಎರಡನೆಯದು, ವಿಂಡೋಸ್ ಪರವಾನಗಿಯನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿ. ಕಂಪ್ಯೂಟರಿನೊಂದಿಗೇ ಬಂದ ಪರವಾನಗಿಯಾದರೆ ಹೊಸ ಬೋರ್ಡಿಗೆ ವರ್ಗವಾಗದೆಯೂ ಇರಬಹುದು, ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಎಎಂ4ರಿಂದ ಕೂಲರ್ ತೆಗೆಯುವಾಗ ನೇರ ಮೇಲಕ್ಕೆ ಎಳೆಯಬೇಡಿ. ಕೂಲರಿನ ಕೆಳಗೆ ಬಳಿದ, ಒಣಗಿದ ಥರ್ಮಲ್ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೇ ಕಿತ್ತು ಬರುತ್ತದೆ, ಪಿನ್ನುಗಳು ಬಾಗುತ್ತವೆ. ಕೆಲ ಹೊತ್ತು ಆಟ ಆಡಿಸಿ ಬಿಸಿ ಮಾಡಿ, ಆಫ್ ಮಾಡಿ, ಕೂಲರನ್ನು ಎಡಬಲಕ್ಕೆ ತಿರುಗಿಸುತ್ತ ಬಿಡಿಸಿ.

ಹೊಸ ಬೋರ್ಡ್ ಕೂರಿಸುವಾಗ ಕ್ಯಾಬಿನೆಟ್‌ನ ಹಿತ್ತಾಳೆ ಬಣ್ಣದ ಆಸರೆ ಸ್ಕ್ರೂಗಳು ಬೋರ್ಡಿನ ರಂಧ್ರಗಳ ಕೆಳಗೆ ಮಾತ್ರ ಇರಲಿ. ಹಳೆಯ ಬೋರ್ಡಿಗೆಂದು ಹಾಕಿದ್ದ ಒಂದು ಹೆಚ್ಚುವರಿ ಸ್ಕ್ರೂ ಹೊಸ ಬೋರ್ಡಿನ ಬೆನ್ನಿಗೆ ತಾಗಿದರೆ ಶಾರ್ಟ್ ಆಗುತ್ತದೆ. ಪ್ರೊಸೆಸರ್ ಪಕ್ಕದ 8 ಪಿನ್ ಕಿಂಡಿಗೆ ಸಿಪಿಯು ಎಂದು ಬರೆದ ಕೇಬಲ್ ಹಾಕಿ. ಗ್ರಾಫಿಕ್ಸ್ ಕಾರ್ಡಿನ 8 ಪಿನ್ ಕೇಬಲ್ ನೋಡಲು ಹಾಗೆಯೇ ಇದ್ದರೂ ಅದರ ಧ್ರುವಗಳು ತಿರುಗುಮುರುಗು. ಒತ್ತಡ ಹಾಕಿ ತುರುಕಬೇಡಿ.

ಎಎಂ5ರಲ್ಲಿ ಮೊದಲ ಬಾರಿ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಬೋರ್ಡ್ ರ‍್ಯಾಮನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುತ್ತಿರುತ್ತದೆ, ಮಧ್ಯದಲ್ಲಿ ಆಫ್ ಮಾಡಬೇಡಿ. ಚಿತ್ರ ಬಂದ ಮೇಲೆ ಬಯಾಸ್ ಒಳಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಆನ್ ಮಾಡಿ. ರ‍್ಯಾಮಿನ ಪೆಟ್ಟಿಗೆಯ ಮೇಲೆ ಬರೆದ ವೇಗ ಸಿಗುವುದು ಆಗಲೇ. ಅಲ್ಲಿಯವರೆಗೆ ನಿಮ್ಮ 3600 ಪಟ್ಟಿ 2133ರಲ್ಲಿಯೋ 2666ರಲ್ಲಿಯೋ ತೆವಳುತ್ತಿರಬಹುದು.

ಟಿಪಿಎಂ ಮತ್ತು ನಂಬಿಕಸ್ಥ ತಂತ್ರಾಂಶವನ್ನಷ್ಟೇ ಎಬ್ಬಿಸುವ ಸೆಕ್ಯೂರ್ ಬೂಟ್ ಎರಡನ್ನೂ ಅಲ್ಲಿಯೇ ನೋಡಿಕೊಳ್ಳಿ. ವಿಂಡೋಸ್ 11ಕ್ಕೆ ಇವು ಬೇಕು, ವಿಂಡೋಸ್ 11ರಲ್ಲಿ ವ್ಯಾಲೊರಂಟ್‌ನಂಥ ಆಟ ತೆರೆಯುವುದಕ್ಕೂ ಬೇಕು. ಎಎಂಡಿ ಬೋರ್ಡುಗಳಲ್ಲಿ ಟಿಪಿಎಂನ ಹೆಸರು ಎಫ್‌ಟಿಪಿಎಂ, ಇಂಟೆಲ್‌ನಲ್ಲಿ ಪಿಟಿಟಿ. ಹಳೆಯ ಡ್ರೈವ್ ಎಂಬಿಆರ್ ಎಂಬ ಹಳೆಯ ವಿಭಜನೆಯ ಮಾದರಿಯಲ್ಲಿ ಇದ್ದರೆ ಸೆಕ್ಯೂರ್ ಬೂಟ್ ಆನ್ ಮಾಡಿದಾಗ ವಿಂಡೋಸ್ ಏಳುವುದಿಲ್ಲ. ಮೊದಲು ಕಡತಗಳ ಪ್ರತಿ ತೆಗೆದಿಟ್ಟು, ವಿಂಡೋಸ್‌ನಲ್ಲಿಯೇ ಇರುವ ಎಂಬಿಆರ್2ಜಿಪಿಟಿ ಉಪಕರಣದಿಂದ ಡ್ರೈವನ್ನು ಜಿಪಿಟಿ ಎಂಬ ಹೊಸ ಮಾದರಿಗೆ ಬದಲಿಸಿ.

ಕೊನೆಗೆ ಭಾರವಾದ ಒಂದು ಆಟವನ್ನು ಒಂದು ಗಂಟೆ ಆಡಿ, ಎಚ್‌ಡಬ್ಲ್ಯೂಇನ್ಫೊ ತಂತ್ರಾಂಶದಲ್ಲಿ ಪ್ರೊಸೆಸರಿನ ವೇಗವನ್ನೂ ತಾಪವನ್ನೂ ಗಮನಿಸಿ. ವಿಆರ್‌ಎಂ ಎಂಬ ಸಾಲು ಅಲ್ಲಿ ಕಂಡರೆ ಅದನ್ನೂ ನೋಡಿ. ಅಗ್ಗದ ಕೆಲವು ಬೋರ್ಡುಗಳಲ್ಲಿ ಆ ಸಂವೇದಕವೇ ಇರುವುದಿಲ್ಲ. 90 ಡಿಗ್ರಿ ದಾಟುತ್ತಿದ್ದರೆ ಕ್ಯಾಬಿನೆಟ್‌ನ ಹಿಂಬದಿಗೆ ಒಂದು ಫ್ಯಾನ್ ಸೇರಿಸಿ ಮತ್ತೆ ಅಳೆಯಿರಿ. ಆಗಲೂ ಇಳಿಯದಿದ್ದರೆ ಬಯಾಸ್‌ನಲ್ಲಿ ಪ್ರೊಸೆಸರಿನ ವಿದ್ಯುತ್ ಮಿತಿಯನ್ನು ಸ್ವಲ್ಪ ತಗ್ಗಿಸಿ; ಆಟದ ಫ್ರೇಮ್ ದರದಲ್ಲಿ ಅದರಿಂದ ಆಗುವ ಕಡಿತ ಸಾಮಾನ್ಯವಾಗಿ ಗಮನಕ್ಕೂ ಬರುವುದಿಲ್ಲ.